ಅಟ್ಟದ ಮೇಲಿನ ತೆಂಡೂಲ್ಕರ್

ನರಿಕೊಂಬಿನಲ್ಲಿ ಕಾಗದಕ್ಕೆ ಆಯುಷ್ಯ ಕಡಿಮೆ. ಆಟಿ ತಿಂಗಳು ಬಂತೆಂದರೆ ಗೋಡೆಯೇ ಬೆವರುತ್ತದೆ, ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಮಳೆ ಬಿಟ್ಟಿತಲ್ಲ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಒರಲೆ ಹಾಜರು. ಹೊಳೆಬದಿಯ ಮನೆಗಳಿಗಂತೂ ನೇತ್ರಾವತಿಯ ಭಯ ಬೇರೆ. 1923ರ ಮಾರಿಬೊಳ್ಳ, ಆಮೇಲೆ 1974ರ ನೆರೆ, ಎರಡರ ಕತೆಯನ್ನೂ ಇಲ್ಲಿಯ ಹಿರಿಯರು ದಾಟಿಸಿದ್ದಾರೆ. ಜಾಗದ ದಸ್ತಾವೇಜನ್ನೇ ಒಣಗಿಸಿ ಒಣಗಿಸಿ ಕಾಪಾಡಬೇಕಾದ ಊರಿನಲ್ಲಿ ಮಕ್ಕಳ ಆಟದ ಕಾರ್ಡನ್ನು ಯಾರು ಕಾಯುತ್ತಾರೆ?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವ ಸೋದರಳಿಯನಿಗೆ ಈ ಕಷ್ಟ ಗೊತ್ತಿಲ್ಲ. ಫೋನು ಮಾಡಿದವನೇ, “ಮಾವಾ, ಅಟ್ಟದಲ್ಲಿ ನಿಮ್ಮ ಹಳೇ ಕ್ರಿಕೆಟ್ ಕಾರ್ಡು ಉಂಟಾ?” ಎಂದ. “ಎಂತಕ್ಕೆ ಮಾರಾಯ?” ಎಂದೆ. ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಕಾರ್ಡು ನೂರು ಕೋಟಿಗೆ ಹೋಯಿತಂತೆ. ನಮ್ಮದು ಒಂದೆರಡು ಲಕ್ಷಕ್ಕಾದರೂ ಹೋಗಬೇಡವೇ ಎಂಬುದು ಅವನ ಲೆಕ್ಕ.

ಅವನು ಹೇಳಿದ್ದು ಸುಳ್ಳಲ್ಲ. 2022ರ ಆಗಸ್ಟಿನಲ್ಲಿ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡು 1.26 ಕೋಟಿ ಡಾಲರಿಗೆ ಹರಾಜಾಯಿತು. ನಮ್ಮ ರೂಪಾಯಿಯಲ್ಲಿ ಸುಮಾರು 100 ಕೋಟಿ. ಅದನ್ನು 1952ರಲ್ಲಿ ಅಚ್ಚು ಹಾಕಿದ್ದು ಟಾಪ್ಸ್ ಎಂಬ ಚೂಯಿಂಗ್ ಗಮ್ ಕಂಪೆನಿ. ಆ ವರ್ಷದ ಎರಡನೇ ಕಂತಿನ ಕಾರ್ಡುಗಳು ತಡವಾಗಿ ಅಂಗಡಿಗೆ ಬಂದವು. ಅಷ್ಟರಲ್ಲಿ ಬೇಸ್‌ಬಾಲ್ ಸೀಸನ್ ಮುಗಿಯುತ್ತಾ ಬಂದಿತ್ತು, ಹುಡುಗರ ಮನಸ್ಸು ಬೇರೆ ಆಟಕ್ಕೆ ತಿರುಗಿತ್ತು. ಪೆಟ್ಟಿಗೆಗಟ್ಟಲೆ ಮಾಲು ಗೋದಾಮಿನಲ್ಲೇ ಉಳಿಯಿತು. ಅರ್ಧ ಬೆಲೆಗೂ ಯಾರೂ ಕೇಳದಿದ್ದಾಗ ಕಂಪೆನಿಯ ಸೈ ಬರ್ಗರ್ ಎಂಬಾತ 1960ರಲ್ಲಿ ಅದನ್ನೆಲ್ಲ ದೋಣಿಗೆ ಹೇರಿಸಿ ನ್ಯೂಜೆರ್ಸಿಯ ಆಚೆ ಸಮುದ್ರಕ್ಕೆ ಸುರಿಸಿಬಿಟ್ಟ. ಆ ಕಾರ್ಡುಗಳನ್ನು ರೂಪಿಸಿದವನೂ ಅವನೇ! ಈಗ ಹರಾಜಿನ ಸುದ್ದಿ ಬಂದಾಗಲೆಲ್ಲ ಅಮೆರಿಕದ ಪತ್ರಿಕೆಗಳು ಅವನ ದೋಣಿಯನ್ನು ನೆನೆಸಿಕೊಳ್ಳುತ್ತವೆ.

ಇದಕ್ಕಿಂತ ನನಗೆ ರುಚಿಸಿದ್ದು ಹೋನಸ್ ವಾಗ್ನರನ ಕತೆ. ಅದಕ್ಕೆ ಕಾರಣ ಹೊಗೆಸೊಪ್ಪು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿ ತನ್ನ ಸಿಗರೇಟಿನ ಪ್ಯಾಕಿನೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರ ಇಡುತ್ತಿತ್ತು. ಪ್ಯಾಕು ಸೊಟ್ಟಗಾಗದಂತೆ ರಟ್ಟೂ ಆಯಿತು, ಗಿರಾಕಿಗೆ ಆಸೆಯೂ ಆಯಿತು. ಪಿಟ್ಸ್‌ಬರ್ಗ್ ತಂಡದ ವಾಗ್ನರ್ ಮಾತ್ರ ತನ್ನ ಚಿತ್ರ ಬೇಡವೆಂದ. ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳುವುದು ಅವನಿಗೆ ಹಿಡಿಸಲಿಲ್ಲ ಎನ್ನುವವರಿದ್ದಾರೆ. ದುಡ್ಡು ಕೊಡಲಿಲ್ಲವೆಂಬ ಸಿಟ್ಟು ಎನ್ನುವವರೂ ಇದ್ದಾರೆ. ಅಂತೂ ಅಚ್ಚು ನಿಂತಿತು. ಉಳಿದವು ಹೆಚ್ಚೆಂದರೆ ಅರುವತ್ತು ಇರಬಹುದು. ಅದರಲ್ಲೊಂದು 2022ರಲ್ಲೇ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಇನ್ನೊಂದನ್ನು, ಎಲ್ಲಕ್ಕಿಂತ ಚೊಕ್ಕಟವಾದದ್ದೆಂದು ಹೆಸರಾದದ್ದನ್ನು, ಹಿಂದೆ ಮಾರಿದ ವ್ಯಾಪಾರಿ ಅಂಚು ಕತ್ತರಿಸಿ ನೀಟು ಮಾಡಿದ್ದೆಂದು 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ನೂರು ವರ್ಷದ ಮುದುಕನಿಗೆ ಕ್ಷೌರ ಮಾಡಿಸಿ ಮದುಮಗನೆಂದು ಕೂರಿಸಿದ ಹಾಗೆ.

ಹೊಗೆಸೊಪ್ಪು ಎಂದೆನಲ್ಲ, ನಮ್ಮ ಊರಿಗೂ ಅದಕ್ಕೂ ನಂಟಿದೆ. ಬಂಟ್ವಾಳದ ಸುತ್ತಿನಲ್ಲಿ ಬೀಡಿ ಕಟ್ಟದ ಜಗಲಿ ಹುಡುಕುವುದು ಒಂದು ಕಾಲಕ್ಕೆ ಕಷ್ಟವಿತ್ತು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಮಕ್ಕಳ ಪುಸ್ತಕ, ಫೀಸು, ಮದುವೆಯ ಬಂಗಾರ ಎಲ್ಲವೂ ಅಲ್ಲಿಂದಲೇ. ಆದರೆ ನಮ್ಮ ಅಕ್ಕಂದಿರು ಬ್ರಾಂಚಿಗೆ ಒಯ್ಯುತ್ತಿದ್ದದ್ದು ಬರೀ ಬೀಡಿಯ ಕಟ್ಟು. ಕಾಯಿಸುವುದು, ಲೇಬಲ್ ಅಂಟಿಸುವುದು ಎಲ್ಲ ಆಮೇಲೆ, ಕಂಪೆನಿಯಲ್ಲಿ. ಗಣಪತಿಯ ಚಿತ್ರವಿರುವ ಬಣ್ಣದ ಕಾಗದ ಕಟ್ಟಿದವರ ಕೈಗೆ ಬರಬೇಕಾದರೆ ಮನೆಯ ಗಂಡಸೊಬ್ಬ ಅಂಗಡಿಯಿಂದ ಬೀಡಿ ಕೊಂಡು ಸೇದಿ ಬಿಸಾಡಬೇಕು. ಅದನ್ನು ಹೆಕ್ಕುವ ಹುಡುಗರು ನಾವು. ಬೀಡಿ ಲೇಬಲನ್ನು ಯಾರಾದರೂ ಆಲ್ಬಮ್ಮಿಗೆ ಹಚ್ಚಿ ಇಟ್ಟಿದ್ದರೆ ಅವರ ಮುಂದೆ ವಾಗ್ನರ್ ಕಾರ್ಡಿನ ಧಣಿ ನನಗೆ ಸಣ್ಣವನಾಗಿ ಕಾಣುತ್ತಾನೆ.

ಕ್ರಿಕೆಟಿಗರೂ ಮೊದಲು ಸಿಗರೇಟಿನ ಬೆನ್ನು ಹತ್ತಿಯೇ ಬಂದವರು. ಇಂಗ್ಲೆಂಡಿನ ಸಿಗರೇಟು ಪ್ಯಾಕುಗಳಲ್ಲಿ ನಮ್ಮ ರಣಜಿಯವರ ಚಿತ್ರ ಬರುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ಮಾತ್ರ ಗಮ್ಮಿನ ಕಾರ್ಡು. 1987ರ ರಿಲಯನ್ಸ್ ವಿಶ್ವಕಪ್ಪಿನ ಆಚೀಚೆ ಬಿಗ್ ಫನ್ ಬಬಲ್ ಗಮ್ಮಿನ ಜತೆ ಆಟಗಾರರ ಚಿತ್ರ, ಅದರಲ್ಲಿ ಇಷ್ಟು ರನ್, ಇಷ್ಟು ವಿಕೆಟ್. ಕೂಡಿಸಿ ಕೊಟ್ಟರೆ ಬಹುಮಾನ. 1999ರಲ್ಲಿ ಬ್ರಿಟಾನಿಯಾದವರು ಬಿಸ್ಕತ್ತಿನ ಹೊದಿಕೆಯಲ್ಲೇ ರನ್ ಮುದ್ರಿಸಿ ವಿಶ್ವಕಪ್ಪಿಗೆ ಕಳಿಸುತ್ತೇವೆಂದರು. ಮೆಲ್ಕಾರಿನಿಂದ ಪಾಣೆಮಂಗಳೂರಿನವರೆಗೆ ಹುಡುಗರು ಹಸಿವಿಲ್ಲದೆ ಬಿಸ್ಕತ್ತು ತಿಂದ ವರ್ಷ ಅದು.

ಇವುಗಳ ನಡುವೆ ರಾಜನ ಹಾಗೆ ಮೆರೆದದ್ದು ಟ್ರಂಪ್ ಕಾರ್ಡು. ಒಂದೊಂದು ಕಾರ್ಡಿನಲ್ಲೂ ಮ್ಯಾಚು, ರನ್, ಅತ್ಯಧಿಕ ಮೊತ್ತ, ವಿಕೆಟ್, ಉತ್ತಮ ಬೌಲಿಂಗ್. ನಿನ್ನದು ಎಷ್ಟು, ನನ್ನದು ಇಷ್ಟು, ಹೆಚ್ಚಿದ್ದವನಿಗೆ ಕಾರ್ಡು. ಲೆಕ್ಕದ ಮಾಸ್ತರರಿಂದ ಕಲಿಯದ ಅಂಕಿಗಳನ್ನು ನಾವು ಇದರಿಂದ ಬಾಯಿಪಾಠ ಮಾಡಿದೆವು. ಕಪಿಲ್ 175, ರಿಚರ್ಡ್ಸ್ 189. ಅನಿಲ್ ಕುಂಬ್ಳೆ ಕೈಗೆ ಬಂದರೆ ಕಣ್ಣು ಮುಚ್ಚಿ “ಬೌಲಿಂಗ್” ಎನ್ನುವುದು. 1993ರ ಹೀರೋ ಕಪ್ ಫೈನಲಿನ 12ಕ್ಕೆ 6 ಇತ್ತಲ್ಲ! ಪಾಕಿಸ್ತಾನದ ಆಕಿಬ್ ಜಾವೇದನ 37ಕ್ಕೆ 7 ಎದುರಾದರೆ ಮಾತ್ರ ಮುಖ ಸಣ್ಣಗಾಗುತ್ತಿತ್ತು. ಕುಂಬ್ಳೆಯ ಆ ಭಾರತೀಯ ದಾಖಲೆ 2014ರವರೆಗೆ ನಿಂತಿತು. ಮುರಿದದ್ದೂ ಕರ್ನಾಟಕದವನೇ, 4ಕ್ಕೆ 6 ಕೆಡವಿದ ಸ್ಟುವರ್ಟ್ ಬಿನ್ನಿ. ಅಷ್ಟರಲ್ಲಿ ಕಾರ್ಡು ಆಡುವ ಹುಡುಗರೆಲ್ಲ ಮೊಬೈಲು ಹಿಡಿದಿದ್ದರು.

ಅಳಿಯನ ಕಾಟಕ್ಕೆ ಅಟ್ಟ ಹತ್ತಿದ್ದೂ ಆಯಿತು. ಡಬ್ಬಿಯೊಂದರಲ್ಲಿ ಅರ್ಧ ಕಟ್ಟು ಇತ್ತು. ಯಾವ ವರ್ಷದ್ದೆಂದು ಎಲ್ಲೂ ಅಚ್ಚಾಗಿರಲಿಲ್ಲ. ಆದರೆ ಅಂಕಿಗಳೇ ಜಾತಕ ಹೇಳುತ್ತವೆ. ತೆಂಡೂಲ್ಕರನ ಏಕದಿನದ ಅತ್ಯಧಿಕ ಮೊತ್ತ 143 ಎಂದಿತ್ತು. ಅದು 1998ರ ಏಪ್ರಿಲಿನಲ್ಲಿ ಶಾರ್ಜಾದಲ್ಲಿ ಹೊಡೆದದ್ದು. 1999ರ ನವೆಂಬರಿನಲ್ಲಿ ಹೈದರಾಬಾದಿನ 186 ಅದನ್ನು ದಾಟಿತು. ಹಾಗಾದರೆ ಕಟ್ಟಿನ ಜನನ ಈ ಎರಡರ ನಡುವೆ. ಗಂಗೂಲಿಯ ಕಾರ್ಡಿನಲ್ಲಿ 183 ಇಲ್ಲ, ಅಂದರೆ 1999ರ ಮೇ ತಿಂಗಳ ಟಾಂಟನ್ ಪಂದ್ಯಕ್ಕಿಂತಲೂ ಮೊದಲಿನದು. ಮುದ್ರಿಸಿದವರು ಹಳೆಯ ಅಂಕಿಯನ್ನೇ ತಿರುಗಿ ಹಾಕಿರಲೂಬಹುದು, ಅದು ಬೇರೆ ಮಾತು. ಆದರೂ ಶಾಸನ ಓದಿದಷ್ಟು ಖುಷಿ ನನಗೆ.

ಅಳಿಯನಿಗೆ ವಾಟ್ಸಾಪಿನಲ್ಲಿ ಚಿತ್ರ ಕಳಿಸಿದೆ. ತುಸು ಹೊತ್ತಿನ ಮೇಲೆ, “ಮಾವಾ, ಕಂಡಿಷನ್ ಸರಿ ಇಲ್ಲ” ಎಂದು ಬಂತು. ಸರಿಯೇ. ಆ ದೇಶದಲ್ಲಿ ಕಾರ್ಡಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವ ಕಂಪೆನಿಗಳಿವೆ. ಮೂಲೆ ಚೂಪಾಗಿರಬೇಕು, ಮಡಿಕೆ ಇರಬಾರದು, ಚಿತ್ರ ನಡುಮಧ್ಯ ಕೂತಿರಬೇಕು. ನನ್ನ ತೆಂಡೂಲ್ಕರನಿಗೆ ಮೂಲೆಯೇ ಇಲ್ಲ, ಬೆನ್ನಿನಲ್ಲಿ ಹಲಸಿನ ಮೇಣ, ಮೇಲಿನಿಂದ ಯಾರೋ ಮೀಸೆ ಬರೆದಿದ್ದಾರೆ. ಪೇಟೆಯ ಲೆಕ್ಕದಲ್ಲಿ ಸೊನ್ನೆ.

ಇಲ್ಲೇ ನನಗೆ ತಕರಾರು. ಹತ್ತಕ್ಕೆ ಹತ್ತು ಸಿಗಬೇಕಾದರೆ ಆ ಕಾರ್ಡನ್ನು ಯಾವ ಹುಡುಗನೂ ಮುಟ್ಟಿರಬಾರದು. ಒಂದೋ ಅಂಗಡಿಯಲ್ಲಿ ಬಿಕರಿಯಾಗದೆ ಕೂತಿರಬೇಕು, ಇಲ್ಲವೇ ಯಾರಿಗೂ ಆಡಲು ಕೊಡದ ಜಿಪುಣನ ಪೆಟ್ಟಿಗೆಯಲ್ಲಿ ಇದ್ದಿರಬೇಕು. ಆಟದ ಸಾಮಾನಿಗೆ ಆಡದೆ ಇದ್ದದ್ದಕ್ಕೇ ಬೆಲೆ! ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯದ ಪಾತ್ರೆ ಪರಡಿಗಳನ್ನು ನೋಡಿ ಬನ್ನಿ. ಬಳಸಿ ಸವೆದ ವಸ್ತುಗಳೇ ಅಲ್ಲಿ ಮಾತನಾಡುವುದು. ನನ್ನ ಮಟ್ಟಿಗೆ ಮೀಸೆಯ ತೆಂಡೂಲ್ಕರನಿಗೇ ಹೆಚ್ಚು ಅಂಕ.

ನಿಮ್ಮಲ್ಲಿಯೂ ಇಂಥ ಕಟ್ಟು ಇದ್ದರೆ ಎರಡು ಉಪಕಾರ ಮಾಡಿ. ರಬ್ಬರ್ ಬ್ಯಾಂಡ್ ಬಿಚ್ಚಿ ಬಿಸಾಡಿ; ಅದು ಕರಗಿ ಅಂಟಿಕೊಂಡರೆ ಕಾರ್ಡು ಸಮೇತ ಬರುತ್ತದೆ. ಇನ್ನೊಂದು, ನಿಮ್ಮ ಕೇರಿಯಲ್ಲಿ ಆಡುತ್ತಿದ್ದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಜತೆಗಿಡಿ. ಇಬ್ಬರದೂ ಒಂದೇ ಮೊತ್ತವಾದರೆ ನಾಟೌಟಿನ ಚುಕ್ಕಿ ಇದ್ದವನಿಗೆ ಗೆಲುವೋ ಅಲ್ಲವೋ ಎಂಬುದು ನಮ್ಮಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ; ನಿಮ್ಮ ಕಡೆ ಹೇಗಿತ್ತು, ತಿಳಿಸಿ.