ತುಳಿಯುವ ವಿದ್ಯೆ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಂಡಲಿಯ ಗೆಳೆಯರು ಎರಡು ತಿಂಗಳಿಂದ ನನ್ನ ಬೆನ್ನು ಹತ್ತಿದ್ದರು. ಪ್ರವಾಸದ ಮೇಲೆ ಬರೆಯೋಣವೆಂದರೆ ಆಗಲೇ ಮೂವರು ಬರೆದುಕೊಟ್ಟಿದ್ದಾರೆ. ಕವಿತೆಯೋ, ಅದು ನನ್ನ ಕೈಯಿಂದ ಆಗುವ ಕೆಲಸವಲ್ಲ. ಕೈಯಿಂದ ಆಗದ್ದನ್ನು ಬಿಟ್ಟು, ಕಾಲಿನಿಂದ ಆದದ್ದನ್ನು ಬರೆಯುತ್ತೇನೆ ಎಂದು ಕೊನೆಗೆ ಒಪ್ಪಿಕೊಂಡೆ. ವಾಚಕರು ನಗಬಾರದು, ಗುರುಗಳು ಸಿಟ್ಟಾಗಬಾರದು. ಈ ವರುಷ ನಾನು ಕಲಿತ ಪಾಠಗಳಲ್ಲಿ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು ಕಾಲಿನಿಂದ ಕಲಿತದ್ದೇ.

ನಾನು ಇಳಕಲ್ಲಿನವನು. ಬಾಗಲಕೋಟೆಯ ಒಂದು ರಸಮಂಜರಿ ತಂಡದಲ್ಲಿ ಗಿಟಾರ್ ಬಾರಿಸುತ್ತೇನೆ. ಗಣೇಶನ ಹಬ್ಬ, ಮದುವೆ, ಊರ ಜಾತ್ರೆ ಎಂದು ತಿಂಗಳಲ್ಲಿ ನಾಲ್ಕಾರು ರಾತ್ರಿ ನಿದ್ದೆಗೆಡುತ್ತೇವೆ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕೊಟ್ಟ ಹಾಡುಗಳನ್ನೂ, 1987ರ ‘ಪ್ರೇಮಲೋಕ’ಕ್ಕೆ ಹಂಸಲೇಖಾ ಕೊಟ್ಟ ಹಾಡುಗಳನ್ನೂ ಬಾರಿಸದೆ ನಮ್ಮ ಕಡೆಯ ಜನ ತಂಡವನ್ನು ವೇದಿಕೆಯಿಂದ ಇಳಿಯಗೊಡುವದಿಲ್ಲ. ಒಂದು ಚರಣ ಮುಗಿದು ಇನ್ನೊಂದು ಚರಣ ಸುರುವಾಗುವ ನಡುವೆ ಗಾಯಕರು ನೀರು ಕುಡಿಯುತ್ತಾರೆ. ಆ ಹೊತ್ತಿನಲ್ಲಿ ಗಿಟಾರು ಒಂಟಿಯಾಗಿ ನಿಂತು ಮಾತಾಡಬೇಕು. ಅದು ಬರಿದೆ ಟಣ್ ಎನ್ನದೆ ಮನುಷ್ಯನ ಹಾಗೆ ಮಾತಾಡಲಿ ಎಂದು ಕಾಲ ಕೆಳಗೆ ಇಟ್ಟುಕೊಳ್ಳುವ ಒಂದು ಸಾಧನವಿದೆ. ಅದರ ಹೆಸರು ‘ವಾ ಪೆಡಲ್’.

ನೋಡಲು ಅದು ಒಂದು ಪಾದದಷ್ಟು ಉದ್ದದ ಲೋಹದ ಪೆಟ್ಟಿಗೆ. ಮೇಲೆ ಏರಿಳಿಯುವ ಒಂದು ಹಲಗೆ. ಹಿಮ್ಮಡಿಯ ಕಡೆಗೆ ಒತ್ತಿದರೆ ಗಿಟಾರಿನ ದನಿ ತುಟಿ ಕೂಡಿಸಿ ‘ಊ’ ಎನ್ನುತ್ತದೆ. ಬೆರಳಿನ ಕಡೆಗೆ ಒತ್ತಿದರೆ ಬಾಯಿ ತೆರೆದು ‘ಆ’ ಎನ್ನುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಕೇಳಿಸುವದೇ ‘ವಾ’. ಇದನ್ನು ನಮ್ಮ ಕನ್ನಡ ಅಧ್ಯಾಪಕರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಇದರಲ್ಲಿ ಹೊಸದೇನಿದೆ? ಗುರು ಎಂಬುದಕ್ಕೆ ಅನ್ನು ಸೇರಿದರೆ ಗುರುವನ್ನು ಆಗುತ್ತದೆ. ಉಕಾರದ ಮುಂದೆ ಅಕಾರ ಬಂದರೆ ನಡುವೆ ವಕಾರ ತಾನಾಗಿಯೇ ಬರುತ್ತದೆ. ನಿಮ್ಮ ಪೆಡಲು ಆಗಮ ಸಂಧಿ ಮಾಡುತ್ತದೆ, ಅಷ್ಟೇ’ ಎಂದರು. ಆ ದಿನ ನನಗೆ ವ್ಯಾಕರಣದ ಮೇಲೂ ಪೆಡಲಿನ ಮೇಲೂ ಒಮ್ಮೆಲೇ ಪ್ರೀತಿ ಹುಟ್ಟಿತು.

ಇದು ಹುಟ್ಟಿದ ಬಗೆಯೂ ಸ್ವಾರಸ್ಯದ್ದು. 1966ರಲ್ಲಿ ಅಮೇರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಎಂಬ ಎಂಜಿನಿಯರು ವಾಕ್ಸ್ ಆಂಪ್ಲಿಫಾಯರಿನ ಒಂದು ತುಟ್ಟಿಯಾದ ಸ್ವಿಚ್ಚನ್ನು ತೆಗೆದು, ಅದರ ಬದಲು ತಿರುಗಿಸುವ ಸೋವಿಯ ಗುಂಡಿ ಹಾಕಲು ನೋಡುತ್ತಿದ್ದ. ಗುಂಡಿ ತಿರುಗಿಸಿದಂತೆ ದನಿ ಬಾಯಿ ತೆರೆಯಿತು. ಬಾರಿಸುವವನ ಎರಡೂ ಕೈ ವಾದ್ಯದ ಮೇಲಿರುವದರಿಂದ, ಆರ್ಗನ್ ವಾದ್ಯದ ಕಾಲುಹಲಗೆಯೊಂದನ್ನು ತಂದು ಗುಂಡಿಯನ್ನು ಅದರೊಳಗೆ ಕೂಡ್ರಿಸಿದರು. ತುತ್ತೂರಿಯ ಬಾಯಿಗೆ ಮುಚ್ಚಳ ಹಿಡಿದು, ತೆರೆದು, ಇದೇ ಬಗೆಯ ಸದ್ದು ತೆಗೆಯುತ್ತಿದ್ದ ಕ್ಲೈಡ್ ಮೆಕಾಯ್ ಎಂಬ ವಾದಕನ ಹೆಸರಿಟ್ಟು 1967ರಲ್ಲಿ ಮಾರಿದರು. ಮರುವರುಷವೇ ಜಿಮಿ ಹೆಂಡ್ರಿಕ್ಸ್ ‘ವೂಡೂ ಚೈಲ್ಡ್’ ಎಂಬ ಹಾಡಿನಲ್ಲಿ ಅದನ್ನು ತುಳಿದು ತೋರಿಸಿದ. ಅಂದಿನಿಂದ ಗಿಟಾರ್ ಹಿಡಿದ ಹುಡುಗರಿಗೆಲ್ಲ ಕಾಲಿನ ಚಪಲ ಹತ್ತಿತು.

ಆ ಚಪಲ ನನಗೆ ಹತ್ತಿ, ಮಾನ ಹೋದದ್ದು ಬಾದಾಮಿಯಲ್ಲಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡುವದು, ಅಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಡುವದು ನಿಮಗೆಲ್ಲ ಗೊತ್ತಿದ್ದ ಮಾತು. ಕಳೆದ ಸಲ ಅಲ್ಲಿಗೆ ನಮ್ಮ ತಂಡವೂ ಹೋಗಿತ್ತು. ನಾನು ಗೆಳೆಯನೊಬ್ಬನ ಪೆಡಲನ್ನು ಕಡ ತಂದಿದ್ದೆ. ಹೊಸ ಮಾಲು ಕಾಲಿಗೆ ಸಿಕ್ಕರೆ ಕೇಳಬೇಕೆ? ತಾಳಕ್ಕೊಂದು, ಅರೆತಾಳಕ್ಕೊಂದು ತುಳಿಯುತ್ತ ಹೋದೆ. ಗಿಟಾರು ‘ವಾ ವಾ ವಾ’ ಎಂದು ಹಸಿದ ಕರುವಿನ ಹಾಗೆ ಒದರಿತು. ಜನ ಮೊದಲು ನಕ್ಕರು. ಆಮೇಲೆ ಸೀಟಿ ಹೊಡೆದರು. ಹಲಗೆಯ ವೇದಿಕೆ ನನ್ನ ಒದೆತಕ್ಕೆ ಕುಣಿದು ಮೈಕಿನ ಕಂಬ ವಾಲಿತು. ನಮ್ಮ ಹಿರಿಯ ಗಾಯಕರು ಇಳಿದ ಮೇಲೆ ಒಂದೇ ಮಾತು ಅಂದರು: ‘ತಮ್ಮಾ, ಹಾಡು ನಡುವ ಎಲ್ಲಿತ್ತೋ ನನಗ ಸಿಗಲೇ ಇಲ್ಲ.’

ಮರುದಿನ ಮುಂಜಾನೆ ಯಾರಿಗೂ ಮುಖ ತೋರಿಸಲಾರದೆ ಒಬ್ಬನೇ ಮೇಣಬಸದಿಗಳ ಕಡೆಗೆ ಹೋದೆ. ಒಂದನೆಯ ಗುಹೆಯ ಪಕ್ಕದ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ. ಎಷ್ಟೋ ಸಲ ನೋಡಿದ ಮೂರ್ತಿ. ಆದರೆ ಅಂದು ಕಣ್ಣು ಕಾಲಿನ ಮೇಲೆ ಬಿತ್ತು. ಹದಿನೆಂಟು ಕೈ ಕೊಟ್ಟ ಶಿಲ್ಪಿ ಕಾಲು ಕೊಟ್ಟದ್ದು ಎರಡೇ. ಕೈ ಎಷ್ಟು ಆಡಿದರೂ ನಡೆಯುತ್ತದೆ, ಕಾಲು ಲೆಕ್ಕದಲ್ಲಿರಬೇಕು ಎಂದು ಹೇಳುವ ಹಾಗಿತ್ತು. ನನ್ನ ತಪ್ಪು ಪೆಡಲಿನದೋ ಕಾಲಿನದೋ ಎಂಬ ಸಂಶಯ ಅಲ್ಲಿಂದಲೇ ಸುರುವಾಯಿತು. ಆದರೂ ಮನುಷ್ಯನ ಸ್ವಭಾವ ನೋಡಿರಿ, ಮೊದಲು ಪೆಡಲಿನದೇ ತಪ್ಪೆಂದು ತೀರ್ಮಾನಿಸಿ, ನನ್ನದೇ ಒಂದನ್ನು ಕೊಳ್ಳಲು ದುಡ್ಡು ಕೂಡಿಸಹತ್ತಿದೆ.

ದೀಪಾವಳಿಯ ಹೊತ್ತಿಗೆ 7000 ರೂಪಾಯಿ ಕೂಡಿದವು. ಬಾಗಲಕೋಟೆಯಲ್ಲಿ ಕೈಬದಲಿನ ಎರಡು ಪೆಡಲುಗಳು ದೊರೆತವು. ಕಂಪನಿಗಳ ಹೆಸರು ಹೇಳುವದಿಲ್ಲ. ಈ ಸಂಚಿಕೆಯಲ್ಲಿ ಜಾಹೀರಾತಿಗೆ ಬೇರೆ ಪುಟಗಳಿವೆ. ಒಂದು 6800 ರೂಪಾಯಿಯದು. ಅದಕ್ಕೆ ಸ್ಪ್ರಿಂಗ್ ಇದೆ. ಕಾಲಿಟ್ಟೊಡನೆ ಎಚ್ಚರಾಗುತ್ತದೆ, ಕಾಲು ತೆಗೆದರೆ ತಾನಾಗಿ ಮೇಲೆದ್ದು ಮಲಗುತ್ತದೆ. ಒಳಗೆ ಉಜ್ಜುವ ಭಾಗವಿಲ್ಲ, ಬೆಳಕು ಹೆಚ್ಚು ಕಡಿಮೆಯಾಗಿ ದನಿ ಬದಲಾಗುತ್ತದೆ. ಆದುದರಿಂದ ಜಾತ್ರೆಯ ಧೂಳಿಗೆ ಅದು ಬೇಗ ಕೆಡದು. ಇನ್ನೊಂದು ಹಳೆಯದು, 3500 ರೂಪಾಯಿಯದು. ಬಿಗಿ, ಭಾರ. ಸುರುಮಾಡಬೇಕಾದರೆ ಬೆರಳ ತುದಿಯನ್ನು ಕೊನೆಯವರೆಗೂ ಒತ್ತಿ ಒಳಗಿನ ಸ್ವಿಚ್ಚು ಟಕ್ ಎನಿಸಬೇಕು. ತುಳಿದಾಗ ಕರಕರ ಎನ್ನುತ್ತಿತ್ತು. ಬಂದುಮಾಡಿದಾಗಲೂ ಗಿಟಾರಿನ ಮೇಲಿನ ಸ್ವರಗಳ ಹೊಳಪನ್ನು ತುಸು ನುಂಗುತ್ತಿತ್ತು. ತಂಡದವರೆಲ್ಲ ಒಕ್ಕೊರಲಿನಿಂದ ಮೊದಲನೆಯದನ್ನು ಮೆಚ್ಚಿದರು. ಎರಡು ದಿನ ಇಟ್ಟುಕೊಂಡು ನೋಡುತ್ತೇನೆಂದು ಹೇಳಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಊರಿನ ಬಸ್ಸು ಹತ್ತಿದೆ.

ದಾರಿಯಲ್ಲಿ ಹುನಗುಂದಕ್ಕೆ ಇಳಿದೆ. ಅಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಹಳೆಯ ಪೆಡಲಿನ ಹೊಟ್ಟೆ ಬಿಚ್ಚಿ ನನಗೆ ಅದರ ಸಂಸಾರವನ್ನೆಲ್ಲ ತೋರಿಸಿದರು. ಹಲಗೆಗೆ ಒಂದು ಹಲ್ಲುಪಟ್ಟಿ. ಅದು ಹಲ್ಲಿನ ಗಾಲಿಯನ್ನು ತಿರುಗಿಸುತ್ತದೆ, ಗಾಲಿ 100 ಕಿಲೋ ಓಮ್‌ನ ಗುಂಡಿಯನ್ನು ತಿರುಗಿಸುತ್ತದೆ. ಪಕ್ಕದಲ್ಲಿ ತಂತಿಯ ಒಂದು ಸುರುಳಿ, ಒಂದೆರಡು ಕಂಡೆನ್ಸರು, ಎರಡು ಟ್ರಾನ್ಸಿಸ್ಟರು, 9 ವೋಲ್ಟಿನ ಬ್ಯಾಟರಿ. ಇಷ್ಟೇ. ಇವೆಲ್ಲ ಕೂಡಿ ದನಿಯೊಳಗಿನ ಒಂದು ಸಣ್ಣ ಭಾಗವನ್ನು ಮಾತ್ರ ಎತ್ತಿ ಹಿಡಿಯುತ್ತವೆ. ಕಾಲು ಆಡಿದಂತೆ ಆ ಎತ್ತರವು ಸುಮಾರು 400 ಹರ್ಟ್ಸಿನಿಂದ 2000 ಹರ್ಟ್ಸಿನ ವರೆಗೆ ಸರಿದಾಡುತ್ತದೆ. ನಾವು ಬಾಯಿ ತೆರೆದು ಮುಚ್ಚಿ ಸ್ವರಾಕ್ಷರ ಬದಲಿಸುವಾಗಲೂ ನಡೆಯುವದು ಇದೇ ಬಗೆಯ ಕೆಲಸವಂತೆ. ಅವರು ಗುಂಡಿಯನ್ನು ತೊಳೆದು ಕರಕರ ನಿಲ್ಲಿಸಿದರು. ಸ್ವಿಚ್ಚು ಬದಲಿಸಿ, ಬಂದಾದಾಗ ದನಿ ಪೆಟ್ಟಿಗೆಯೊಳಗೆ ಹೋಗದೆ ನೇರ ಹೊರಬೀಳುವಂತೆ ಮಾಡಿದರು. 200 ರೂಪಾಯಿ ತೆಗೆದುಕೊಂಡು, ‘ಧೂಳು ಮತ್ತ ಬರತೈತಿ, ಮತ್ತ ತೊಳಿ. ಅದಕ್ಕ ಯಾಕ ಹೆದರತೀ?’ ಅಂದರು.

ಇಳಕಲ್ಲಿನ ನಮ್ಮ ಮನೆಯಲ್ಲಿ ಆ ಸಂಜೆ ಮಾತು ಕಡಿಮೆ ಇತ್ತು. ನಮ್ಮ ತಂದೆಯವರು ಕುಣಿಮಗ್ಗದ ನೇಕಾರರು. ನೆಲದೊಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಮೂವತ್ತೈದು ವರುಷ ತುಳಿದಿದ್ದಾರೆ. ಮೊಣಕಾಲು ಸವೆದಿದೆ, ಇನ್ನು ಮಗ್ಗ ತುಳಿಯುವದು ಬೇಡ ಎಂದು ಡಾಕ್ಟರರು ಹೇಳಿದ್ದರೆಂಬ ಸಂಗತಿ ನನಗೆ ತಿಳಿದದ್ದು ಅಂದೇ. ಮಗ್ಗದ ಮೇಲಿದ್ದದ್ದು ಅವರ ಕೊನೆಯ ಹಾಸು. ಅವ್ವ ಕಂಡಿಕೆ ಸುತ್ತುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ. ನಾನು ಕಿಸೆಯೊಳಗಿನ ದುಡ್ಡನ್ನು ತೆಗೆದು ಅವಳ ಮುಂದಿಟ್ಟೆ. ‘ಇದೇನೋ?’ ಅಂದಳು. ‘ಅಪ್ಪನ ಔಷಧಕ್ಕ. ಪೆಡಲ್ ಹೊಳ್ಳಿ ಕೊಡತೀನಿ’ ಅಂದೆ.

ತಂದೆಯವರು ಕುಣಿಯಿಂದಲೇ ಕೇಳಿದರು: ‘ಏನದು, ತಗೀ ನೋಡೂಣು.’

ಸಣ್ಣ ಆಂಪ್ಲಿಫಾಯರು ಹಚ್ಚಿ, ಸ್ಪ್ರಿಂಗಿನ ಪೆಡಲನ್ನು ತುಳಿದು ಬಾರಿಸಿ ತೋರಿಸಿದೆ. ಅವರು ತುಸು ಹೊತ್ತು ಕೇಳಿ, ‘ತಮ್ಮಾ, ಹಿಂಗ್ಯಾಕ ಒದಿಯಾಕ ಹತ್ತೀದಿ? ಮಗ್ಗಾ ಹಿಂಗ ತುಳಿದ್ರ ಎಳಿ ಉಳಿತಾವೇನು? ಇಲ್ಲಿ ಇಡು, ನಾ ತುಳೀತೀನಿ, ನೀ ಬಾರಿಸು’ ಎಂದರು. ಪೆಡಲನ್ನು ಕುಣಿಯೊಳಗೆ ಇಳಿಸಿದೆ. ಬರಿಗಾಲಿಟ್ಟು ಎರಡು ಸಲ ಒತ್ತಿ ನೋಡಿದರು. ‘ಇದು ಕಾಲಿನ ಮಾತು ಕೇಳಂಗಿಲ್ಲ. ಬಿಟ್ಟರ ತಾನ ಎದ್ದು ಬರತೈತಿ. ಇನ್ನೊಂದು ಕೊಡು.’

ಹಳೆಯದನ್ನು ಕೊಟ್ಟೆ. ‘ಇದು ಬಿಗಿ ಐತಿ. ಆದರ ಬಿಟ್ಟಲ್ಲೆ ನಿಂದರತೈತಿ. ಹೂಂ, ಬಾರಿಸು.’

ನಾನು ‘ಗೀತಾ’ ಚಿತ್ರದ ಒಂದು ಹಾಡನ್ನು ಬಾರಿಸಿದೆ. ಅವರು ಬಹಳ ಹೊತ್ತು ಕಾಲು ಆಡಿಸಲೇ ಇಲ್ಲ. ಹಲಗೆಯನ್ನು ಅರ್ಧಕ್ಕೆ ತಂದು ಹಾಗೆಯೇ ಬಿಟ್ಟರು. ದನಿ ಮೂಗಿನಿಂದ ಬಂದಂತೆ, ಏನೋ ಹೇಳಬೇಕೆಂದು ತಡೆದವರಂತೆ ಕೇಳಹತ್ತಿತು. ಸಾಲು ಮುಗಿಯುವ ಕಡೆಯ ಸ್ವರವನ್ನು ನಾನು ಎಳೆದಾಗ ಮಾತ್ರ ಮೆಲ್ಲಗೆ ಒತ್ತಿದರು. ಗಿಟಾರು ಬಾಯಿ ತೆರೆಯಿತು. ಅವ್ವನ ಕೈಯಲ್ಲಿ ರಾಟಿ ನಿಂತಿತು. ನನಗೆ ಮೈ ಜುಂ ಎಂದಿತು; ಅದೇ ಪೆಡಲು, ಅದೇ ಗಿಟಾರು, ಕಾಲು ಮಾತ್ರ ಬೇರೆ.

‘ನಿನಗ ಹೆಂಗ ತಿಳೀತು ಅಪ್ಪಾ?’

‘ಇದರಾಗೇನೈತಿ? ಕಾಲು ಹಾಸಿನ ಬಾಯಿ ತಗೀತೈತಿ, ಕೈ ಲಾಳಿ ಓಡಸ್ತೈತಿ. ಬಾಯಿ ತಗದಾಗ ಲಾಳಿ ಹೋಗಬೇಕು, ಲಾಳಿ ಹೊಂಟಾಗ ಬಾಯಿ ತಗದಿರಬೇಕು. ಮತ್ತ ನೀ ಎಲ್ಲಾ ಕಡೆ ವಾ ವಾ ಅನಸ್ತೀದಿ. ಸೀರಿ ಮೈ ತುಂಬ ತೆನಿ ತಗದ್ರ ಸೆರಗ ಯಾವದು ಅಂತ ಹೆಂಗ ಗೊತ್ತಾಗಬೇಕು?’

ಇಳಕಲ್ ಸೀರೆಯನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈ ಸಾದಾ ಇದ್ದದ್ದರಿಂದಲೇ ಸೆರಗಿನ ತೋಪುತೆನೆ ಕಣ್ಣಿಗೆ ಬೀಳುತ್ತದೆ. ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಜೋಡಿಸುವ ಜಾಗ ಯಾವುದೆಂದು ನೇಕಾರನಿಗೆ ಮೊದಲೇ ಗೊತ್ತಿರುತ್ತದೆ. ನನ್ನ ಹಾಡಿಗೆ ಸೆರಗು ಎಲ್ಲಿ ಎಂದು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ.

ದುಡ್ಡಿನ ಮಾತು ಮತ್ತೆ ಬಂತು. ಅವರು ಹಳೆಯ ಪೆಡಲಿನ ಬೆಲೆ ಕೇಳಿ, 3500 ಎಣಿಸಿ ನನ್ನ ಕೈಗೆ ಕೊಟ್ಟರು. ಉಳಿದದ್ದನ್ನು ಅವ್ವನ ಕಡೆ ಸರಿಸಿದರು. ‘ಔಷಧಕ್ಕ ಇಷ್ಟು ಸಾಕು. ನನ್ನ ಕಾಲು ಹೆಂಗೂ ನಿಲ್ಲತೈತಿ. ಮನ್ಯಾಗ ಒಂದು ಕಾಲರೆ ತುಳೀಲಿ’ ಅಂದರು. ಅವ್ವ ಕಂಡಿಕೆಯನ್ನು ಮತ್ತೆ ಸುತ್ತಹತ್ತಿದಳು. ನಾನು ಏನೂ ಅನ್ನಲಾರದೆ ಹೋದೆ.

ಪೆಡಲು ಕೊಳ್ಳುವ ಗೆಳೆಯರಿಗೆ ನನ್ನ ಅನುಭವದಿಂದ ಎರಡು ಮಾತು. ಧೂಳಿನ ಮಟ್ಟಿಗೆ ಬೆಳಕಿನದೇ ಒಳ್ಳೆಯದು, ಇದರಲ್ಲಿ ಸುಳ್ಳಿಲ್ಲ. ಕಾಲಿಟ್ಟರೆ ಸಾಕು ಎನ್ನುವವರಿಗೆ ಅದೇ ಸರಿ. ಆದರೆ ನಡುವೆ ಒಂದೆಡೆ ನಿಲ್ಲಿಸಿ ಬಾರಿಸಬೇಕೆನ್ನುವವರು ಬಿಗಿಯಾದದ್ದನ್ನು, ಬಿಟ್ಟಲ್ಲಿ ನಿಲ್ಲುವದನ್ನು ನೋಡಿರಿ. ಯಾವುದಾದರೂ ಸರಿ, ಕೊಳ್ಳುವ ಮೊದಲು ಅದನ್ನು ತುಳಿಯದೆ ಸುಮ್ಮನೆ ನಿಲ್ಲಲು ನಿಮ್ಮ ಕಾಲಿಗೆ ಬರುತ್ತದೆಯೋ ಎಂಬುದನ್ನು ಪರೀಕ್ಷಿಸಿರಿ.

ಈ ವರುಷದ ಬನಶಂಕರಿ ಜಾತ್ರೆಗೆ ತಂದೆಯವರೂ ಬಂದಿದ್ದರು. ಮಗ್ಗ ನಿಂತು ಎರಡು ತಿಂಗಳಾಗಿತ್ತು. ಬಡಿಗೆಯ ಮೇಲೆ ಭಾರ ಹಾಕಿ ಜನರ ಅಂಚಿನಲ್ಲಿ ನಿಂತಿದ್ದರು. ಆ ಹಾಡಿನ ನಡುವೆ ನನ್ನ ಪಾಳಿ ಬಂದಾಗ ಎರಡೇ ಸಲ ತುಳಿದೆ. ಯಾರೂ ಸೀಟಿ ಹೊಡೆಯಲಿಲ್ಲ, ಯಾರೂ ನಗಲಿಲ್ಲ. ಗಾಯಕರು ನೀರಿನ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಕುಡಿಯುವದನ್ನು ಮರೆತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ರಾತ್ರಿ ಊರಿಗೆ ಮರಳುವಾಗ ಬಸ್ಸಿನಲ್ಲಿ ತಂದೆಯವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಮಲಗಿದರೇನೋ ಎಂದುಕೊಂಡೆ. ಹುನಗುಂದ ದಾಟಿದ ಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ‘ಎರಡನೇ ಸಲ ತುಸು ಲಗೂನ ತುಳಿದಿ’ ಎಂದರು.