ಮೂರು ಗಾಲಿಯ ಹಾರ್ಲಿ

ಶಟರ್ ಅರ್ಧಕ್ಕೆ ಎತ್ತಿದೆ. ತಲೆ ತಗ್ಗಿಸಿ ಒಳಗೆ ಬನ್ನಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಮೂಗಿಗೆ ಮಾತ್ರ ಎಲ್ಲವೂ ಗೊತ್ತಾಗುತ್ತದೆ: ಫೈಬರ್‌ಗ್ಲಾಸ್ ರೆಸಿನ್, ಹಳೆಯ ರೆಕ್ಸಿನ್, ಬ್ಯಾಟರಿಯ ಆಸಿಡ್, ಎಲ್ಲದರ ಮೇಲೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಸುಟ್ಟ ನೀಲಿ ಹೊಗೆ. ಮೈಸೂರಿನ ರಸ್ತೆಯಲ್ಲಿ ಯೆಜ್ಡಿಯ ಹಿಂದೆ ಸೈಕಲ್ ತುಳಿದವರು ಈ ಹೊಗೆಯನ್ನು ಎಲ್ಲಿದ್ದರೂ ಗುರುತು ಹಿಡಿಯುತ್ತಾರೆ.

ನೀವು ನಿಂತಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ದಕ್ಷಿಣಕ್ಕಿರುವ ಪೀಚ್‌ಟ್ರೀ ಸಿಟಿಯಲ್ಲಿ. ಇಲ್ಲಿ ಕಾರಿನ ರಸ್ತೆಗಳ ಜೊತೆಗೆ ಇನ್ನೊಂದು ಊರೇ ಇದೆ. ಪೈನ್ ಮರಗಳ ನಡುವೆ, ಕೆರೆಯ ಅಂಚಿನಲ್ಲಿ, ಹೆದ್ದಾರಿಯ ಮೇಲಿನ ಸೇತುವೆ ಮತ್ತು ಕೆಳಗಿನ ಸುರಂಗಗಳಲ್ಲಿ ಹಾದುಹೋಗುವ ಸುಮಾರು 160 ಕಿಲೋಮೀಟರ್ ಕಿರುದಾರಿ. ಅದರ ಮೇಲೆ ಗಾಲ್ಫ್ ಕಾರ್ಟ್‌ಗಳು ಓಡುತ್ತವೆ. ನಗರಾಡಳಿತದಲ್ಲಿ ನೋಂದಣಿಯಾದವೇ 10,000ಕ್ಕೂ ಹೆಚ್ಚು. ದಿನಸಿ ತರಲು ಕಾರ್ಟ್, ಲೈಬ್ರರಿಗೆ ಕಾರ್ಟ್. ಹೈಸ್ಕೂಲಿನ ಮಕ್ಕಳು ಕಾರ್ಟ್ ನಿಲ್ಲಿಸಲು ಶಾಲೆಯಲ್ಲಿ ಪ್ರತ್ಯೇಕ ಜಾಗ. ನಮ್ಮಲ್ಲಿ ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ಯುವ ಬ್ಯಾಟರಿ ಗಾಡಿ ಹತ್ತಿದವರಿಗೆ ಈ ವಾಹನದ ಕೂರುವ ರೀತಿ, ಹೊರಡುವ ರೀತಿ ಹೊಸದೇನಲ್ಲ. ಇಲ್ಲಿ ಅದು ಮನೆಮನೆಯ ಗಾಡಿ.

ಕಣ್ಣು ಹೊಂದಿಕೊಂಡಿತು. ಈಗ ನೋಡಿ, ಮಧ್ಯದಲ್ಲಿ ನಿಂತಿದೆ. ಮುಂದೆ ಒಂದೇ ಗಾಲಿ, ಹಿಂದೆ ಎರಡು. ದೋಣಿಯ ಮೂತಿಯಂತೆ ಉಬ್ಬಿದ ಫೈಬರ್‌ಗ್ಲಾಸ್ ಮೈ. ಸ್ಟಿಯರಿಂಗ್ ಚಕ್ರದ ಜಾಗದಲ್ಲಿ ಒಂದು ಬಾಗಿದ ಸರಳು; ಅದನ್ನು ಎಡಕ್ಕೆ ಬಲಕ್ಕೆ ದೂಡಿ ತಿರುಗಿಸಬೇಕು. ಬಣ್ಣ ಉಜ್ಜಿ ತೆಗೆದ ಜಾಗದಲ್ಲಿ ನಾಲ್ಕು ಪದರ ಕಾಣುತ್ತವೆ: ಮೇಲೆ ಯಾರೋ ಬ್ರಷ್ಷಿನಲ್ಲಿ ಬಳಿದ ಹಸಿರು, ಕೆಳಗೆ ಬಿಳಿ, ಅದರ ಕೆಳಗೆ ಕಿತ್ತಳೆ, ತಳದಲ್ಲಿ ಮತ್ತೆ ಬಿಳಿ. ಮೂತಿಯ ಮೇಲಿನ ಲಾಂಛನವನ್ನು ಮಾತ್ರ ಯಾರೂ ಮುಚ್ಚಿಲ್ಲ. ಹಾರ್ಲಿ-ಡೇವಿಡ್‌ಸನ್.

ಹೌದು, ಅದೇ ಕಂಪನಿ. ಭಾರದ ಬೈಕುಗಳಿಗೆ ಹೆಸರಾದ ಹಾರ್ಲಿ 1963ರಿಂದ 1982ರವರೆಗೆ ಗಾಲ್ಫ್ ಕಾರ್ಟ್ ಮಾಡುತ್ತಿತ್ತು. ಆಮೇಲೆ ಆ ವಿಭಾಗವನ್ನು ಕೊಲಂಬಿಯಾ ಪಾರ್ ಕಾರ್‌ಗೆ ಮಾರಿತು. ಮೈ ದೋಣಿಯಂತೆ ಕಾಣುವುದಕ್ಕೂ ಕಾರಣವಿದೆ. ವಿಸ್ಕಾನ್ಸಿನ್‌ನ ಟೊಮಾಹಾಕ್ ಎಂಬಲ್ಲಿ ದೋಣಿ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಹಾರ್ಲಿ ಪಾಲು ಕೊಂಡು, ಫೈಬರ್‌ಗ್ಲಾಸ್ ಭಾಗಗಳನ್ನು ಅಲ್ಲಿಯೇ ಮಾಡಿಸಿತು. ಬಾನೆಟ್ಟಿನ ಒಳಮೈ ಮುಟ್ಟಿ ನೋಡಿ. ಗಾಜಿನ ನಾರು ಬೆರಳಿಗೆ ತರಚುತ್ತದೆ. ಮುಟ್ಟಿದ ಕೈಯನ್ನು ಕಣ್ಣಿಗೆ ಒರೆಸಿಕೊಳ್ಳಬೇಡಿ.

ಶೆಡ್ಡಿನ ಯಜಮಾನರು ಎಪ್ಪತ್ತು ದಾಟಿದವರು, ವಿಮಾನದ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಅವರ ಪಕ್ಕದಲ್ಲಿ ಮೊಣಕಾಲೂರಿ ಕೂತಿರುವುದು ನಿಮ್ಮನ್ನು ಕರೆತಂದ ಮೈಸೂರಿನ ಗೆಳೆಯ. ವಾರವಿಡೀ ಕಂಪ್ಯೂಟರ್ ಮುಂದೆ, ಶನಿವಾರ ಈ ಶೆಡ್ಡಿನಲ್ಲಿ.

“ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ. ಪೆಡಲ್ ತುಳೀತೀನಿ, ಶಬ್ದ ಕೇಳಿಸ್ಕೊಳ್ಳಿ,” ಅನ್ನುತ್ತಾರೆ ಗೆಳೆಯ.

ಕೀಲಿ ತಿರುಗಿಸಿದರೂ ಗಾಡಿ ಮೌನ. ಪೆಡಲ್ ತುಳಿದ ಕ್ಷಣ ಬೆಲ್ಟ್ ಎಳೆದ ಸದ್ದು, ಒಂದು ನಡುಕ, ಆಮೇಲೆ ಬಿಡಿಬಿಡಿಯಾದ ಪಟಪಟ. ಸೀಟಿನ ಕೆಳಗಿನ ಎಂಜಿನ್ನಿನ ಅದುರು ಬೆನ್ನುಹುರಿಗೆ ಹತ್ತುತ್ತದೆ. ಒಂದೇ ಸಿಲಿಂಡರ್, ಟೂ-ಸ್ಟ್ರೋಕ್, 245 ಸಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುತ್ತಿದ್ದ 250 ಸಿಸಿ ಯೆಜ್ಡಿ ಬೈಕಿನ ಎಂಜಿನ್ ಇದಕ್ಕೆ ರಕ್ತಸಂಬಂಧಿಯಲ್ಲ. ಆದರೆ ಕೆಲಸ ಮಾಡುವ ಕ್ರಮ ಅದೇ. “ನಮ್ಮ ಸೋದರಮಾವನ ಹತ್ರ ಯೆಜ್ಡಿ ಇತ್ತು. ಮೊದಲ ಸಲ ಈ ಸದ್ದು ಕೇಳಿದಾಗ ಇಲ್ಲೇ ನಿಂತುಬಿಟ್ಟೆ,” ಅನ್ನುತ್ತಾರೆ ಗೆಳೆಯ. ಕಾಲು ತೆಗೆದರೆ ಎಂಜಿನ್ ಪೂರ್ತಿ ನಿಲ್ಲುತ್ತದೆ. ಚೆಂಡಿನ ಪಕ್ಕದಲ್ಲಿ ನಿಂತು ಹೊಡೆಯುವವನ ಕಿವಿಗೆ ಎಂಜಿನ್ನಿನ ಸದ್ದು ಬೀಳಬಾರದು ತಾನೇ?

ಈಗ ಹಿಂದಕ್ಕೆ ಹೋಗಬೇಕು. ಸ್ವಿಚ್ಚು ಬದಲಿಸಿ ಪೆಡಲ್ ತುಳಿಯುತ್ತಾರೆ. ಬೆಲ್ಟ್ ಸುತ್ತುತ್ತದೆ, ಎಂಜಿನ್ ಉಸಿರಾಡುತ್ತದೆ, ಹತ್ತುವುದಿಲ್ಲ. ಮತ್ತೊಮ್ಮೆ. ಇಲ್ಲ.

ಈ ಗಾಡಿಯಲ್ಲಿ ನಾನು ಕಂಡ ಅತ್ಯಂತ ಸುಂದರ ಸಂಗತಿ ಇದು, ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ಇದಕ್ಕೆ ರಿವರ್ಸ್ ಗೇರ್ ಇಲ್ಲ. ಹಿಂದಕ್ಕೆ ಹೋಗಬೇಕಾದಾಗ ಇಡೀ ಎಂಜಿನ್ನೇ ಉಲ್ಟಾ ತಿರುಗುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್‌ಗಳು ಸರದಿಯಲ್ಲಿ ತೆರೆದು ಮುಚ್ಚಬೇಕು, ಉಲ್ಟಾ ತಿರುಗಿಸಿದರೆ ಸರದಿ ಕೆಡುತ್ತದೆ. ಈ ಟೂ-ಸ್ಟ್ರೋಕ್‌ನಲ್ಲಿ ಅಂಥ ವಾಲ್ವ್‌ಗಳಿಲ್ಲ. ಪಿಸ್ಟನ್ ಏರಿಳಿಯುವಾಗ ಸಿಲಿಂಡರಿನ ಗೋಡೆಯ ಕಿಂಡಿಗಳು ತೆರೆಯುತ್ತವೆ, ಮುಚ್ಚುತ್ತವೆ. ಯಾವ ದಿಕ್ಕಿಗೆ ತಿರುಗಿದರೂ ಆ ಲೆಕ್ಕ ಒಂದೇ. ಬದಲಾಗಬೇಕಾದದ್ದು ಕಿಡಿಯ ಹೊತ್ತು ಮಾತ್ರ. ಪಿಸ್ಟನ್ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಕಿಡಿ ಹಾರಬೇಕು, ಆ ‘ಸ್ವಲ್ಪ ಮೊದಲು’ ಪ್ರತಿ ದಿಕ್ಕಿಗೂ ಬೇರೆ. ಅದಕ್ಕೇ ಕಿಡಿಯ ಹೊತ್ತು ನಿಗದಿ ಮಾಡುವ ಪಾಯಿಂಟ್ ಎರಡು ಜೊತೆ: ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎಂಜಿನ್ ಹತ್ತಿಸುವ ಸ್ಟಾರ್ಟರೇ ಓಡುವಾಗ ಜನರೇಟರ್. ಅದನ್ನು ತಿರುವುಮುರುವು ಮಾಡಿದರೆ ಸಾಕು. ಗೇರ್‌ಬಾಕ್ಸಿನ ಭಾರ, ಖರ್ಚು ಎಲ್ಲ ಉಳಿಸಿದ ಆ ಎಂಜಿನಿಯರುಗಳಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಯಜಮಾನರು ಕವರ್ ಬಿಚ್ಚಿ ತೋರಿಸುತ್ತಾರೆ. ಮುಂದಿನ ಪಾಯಿಂಟ್ ಬೆಳ್ಳಗಿದೆ. ಹಿಂದಿನದು ಸುಟ್ಟು ಕರ್ರಗೆ ತಗ್ಗು ಬಿದ್ದಿದೆ. ಹೊಸದು ಅಂಗಡಿಯಲ್ಲಿ ಸಿಗುವುದು ಕಷ್ಟ, ಹಳೆಯ ಸಾಮಾನು ಕೂಡಿಟ್ಟವರನ್ನೇ ಹುಡುಕಬೇಕು.

ಅಷ್ಟರಲ್ಲಿ ಪಕ್ಕದ ಗಾಡಿಯ ಸೀಟ್ ಎತ್ತಿ. 1970ರ ದಶಕದ ಇ-ಝಡ್-ಗೋ. ಡೋಲನ್ ಸಹೋದರರು 1954ರಲ್ಲಿ ಇದೇ ರಾಜ್ಯದ ಅಗಸ್ಟಾದಲ್ಲಿ ಆರಂಭಿಸಿದ ಕಂಪನಿ. ಸೀಟಿನ ಕೆಳಗೆ ಆರು ವೋಲ್ಟಿನ ಆರು ಬ್ಯಾಟರಿ, ಒಟ್ಟು 36 ವೋಲ್ಟ್. ಒಂದೊಂದೂ ಸುಮಾರು 28 ಕಿಲೋ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಟರ್ಮಿನಲ್‌ಗಳ ಮೇಲೆ ನೀಲಿ-ಹಸಿರು ಹೂವು ಕಟ್ಟಿದೆ. ಅಡುಗೆ ಸೋಡಾ ಕಲಸಿದ ನೀರು ಸುರಿದರೆ ಬುಸ್ಸೆಂದು ನೊರೆ ಏಳುತ್ತದೆ. ನೊರೆ ನಿಲ್ಲುವವರೆಗೂ ಸುರಿಯಬೇಕು, ಇಲ್ಲದಿದ್ದರೆ ಆಸಿಡ್ ಬ್ಯಾಟರಿ ಕೂತ ತಟ್ಟೆಯ ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಆಮೇಲೆ ಹದಿನೆಂಟು ಮುಚ್ಚಳ ತೆಗೆದು, ಒಂದೊಂದು ಸೆಲ್ಲಿಗೂ ಹೈಡ್ರೋಮೀಟರ್ ಇಳಿಸಿ. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ ಅದು ಆಸಿಡ್ಡಿನ ಸಾಂದ್ರತೆಯನ್ನು ಸುಮಾರು 1.27 ಎಂದು ತೋರಿಸಬೇಕು. ಮನೆಯ ಯುಪಿಎಸ್‌ಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸವಿರುವವರ ಕೈ ಇಲ್ಲಿ ತಡವರಿಸುವುದಿಲ್ಲ.

ಈ ಬ್ಯಾಟರಿಗಳ ಕಥೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಅಲ್ಲಿ ಮರ್ಲ್ ವಿಲಿಯಮ್ಸ್ ಎಂಬಾತ ವಿದ್ಯುತ್ ಗಾಡಿ ಮಾಡತೊಡಗಿದ. 1951ರ ಹೊತ್ತಿಗೆ ಅವನ ಮಾರ್ಕೆಟಿಯರ್ ಕಂಪನಿಯಿಂದ ಗಾಲ್ಫ್ ಕಾರ್ಟ್ ಬಂತು. ಅದೇ ಊರಿನ ಆಟೋಎಟ್ ಎಂಬ ಮೂರು ಗಾಲಿಯ ಗಾಡಿಗಾಗಿ ಟ್ರೋಜನ್ ಕಂಪನಿ 1952ರಲ್ಲಿ, ಆಳವಾಗಿ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವ ಬ್ಯಾಟರಿ ರೂಪಿಸಿತು. ಆ ಗಾಡಿಗಳಲ್ಲಿ ಮೊದಲು ಕೂತವರು ಯಾರು ಗೊತ್ತೆ? ನಡೆಯಲಾಗದವರು, ವಯಸ್ಸಾದವರು. ಮೈದಾನದ ಶ್ರೀಮಂತರ ಗಾಡಿ ಅನ್ನುವುದು ಆಮೇಲಿನ ಮಾತು.

ಇ-ಝಡ್-ಗೋದ ಪೆಡಲನ್ನು ಅರ್ಧ ತುಳಿಯಿರಿ. ಟಕ್ ಎಂದು ಸೊಲೆನಾಯ್ಡ್ ಕೂಡಿಕೊಂಡು ಗಾಡಿ ಮೆಲ್ಲಗೆ ಕದಲುತ್ತದೆ. ಕೆಳಗೆ ಕೈಯಿಡಬೇಡಿ, ಸುರುಳಿ ತಂತಿಗಳು ಕಾಯುತ್ತಿವೆ. ನಿಧಾನ ಹೋಗಬೇಕೆಂದರೆ ಈ ಗಾಡಿ ವಿದ್ಯುತ್ತಿನ ಒಂದಂಶವನ್ನು ರೆಸಿಸ್ಟರ್‌ನಲ್ಲಿ ಶಾಖವಾಗಿ ಕಳೆದುಬಿಡುತ್ತದೆ. ದಂಡ ನಿಜ. ಆದರೆ ಇಡೀ ವ್ಯವಸ್ಥೆ ಕಣ್ಣಿಗೆ ಕಾಣುತ್ತದೆ. ಒಂದು ಟೆಸ್ಟ್ ಲ್ಯಾಂಪ್ ಹಿಡಿದು ಕೂತರೆ ದೋಷ ಎಲ್ಲಿದೆಯೆಂದು ಯಾರಾದರೂ ಹುಡುಕಬಹುದು.

ಮೂಲೆಯಲ್ಲಿ ಟಾರ್ಪಾಲಿನ ಅಡಿ ಇನ್ನೊಂದಿದೆ: ಮೆಲೆಕ್ಸ್. ಪೋಲೆಂಡಿನ ಮಿಯೆಲೆಟ್ಸ್ ಊರಿನ ವಿಮಾನ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಮ್ಯುನಿಸ್ಟ್ ಪೋಲೆಂಡಿನಲ್ಲಿ ಗಾಲ್ಫ್ ಆಡುವವರೇ ಇರಲಿಲ್ಲ ಅನ್ನಬಹುದು. ಗಾಡಿಗಳೆಲ್ಲ ಅಮೆರಿಕಕ್ಕೆ ಬಂದವು. ಇಲ್ಲಿನ ತಯಾರಕರು ಅಗ್ಗದ ಬೆಲೆಯ ವಿರುದ್ಧ ದೂರು ಕೊಟ್ಟರು. 1970ರ ದಶಕದ ಆ ಪ್ರಕರಣದಲ್ಲಿ, ತವರಿನಲ್ಲಿ ಮಾರಾಟವೇ ಆಗದ ವಸ್ತುವಿನ ನ್ಯಾಯವಾದ ಬೆಲೆ ಯಾವುದೆಂಬ ಪ್ರಶ್ನೆ ಎದ್ದಿತು; ವ್ಯಾಪಾರ ಕಾನೂನು ಓದುವವರು ಈಗಲೂ ಅದನ್ನು ಓದುತ್ತಾರೆ. ಗೆಳೆಯ ಇದನ್ನು ಕೊಂಡಿದ್ದೇ ಆ ಕಥೆಗಾಗಿ.

ಹೊರಗೆ ಹಾರ್ನ್. ಗೆಳೆಯನ ಮಗಳು ಬಂದಳು. ಅವಳ ಗಾಡಿ 1980ರ ದಶಕದ ಕ್ಲಬ್ ಕಾರ್. ಅಲ್ಯೂಮಿನಿಯಂ ಚೌಕಟ್ಟಾದ್ದರಿಂದ ತುಕ್ಕು ಹತ್ತಿಲ್ಲ. ಉಳಿದದ್ದರಲ್ಲಿ ಹಳೆಯದು ಏನೂ ಇಲ್ಲ. ಆರು ಇಂಚು ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಗಾಲಿ, ಲಿಥಿಯಂ ಬ್ಯಾಟರಿ, ಮಿನುಗು ಬೆರೆಸಿದ ನೇರಳೆ ಬಣ್ಣ, ಅಪ್ಪ-ಮಗಳು ಸೇರಿ ಹೊಲಿದ ಪಟ್ಟಿಪಟ್ಟಿಯ ಸೀಟು. ಅಲಂಕಾರಕ್ಕೂ ಇಲ್ಲಿ ಪರಂಪರೆಯಿದೆ. ಹಾಲಿವುಡ್ಡಿನ ಕಾರುಗಳನ್ನು ರೂಪಿಸಿದ ಜಾರ್ಜ್ ಬ್ಯಾರಿಸ್ ಹಾಸ್ಯನಟ ಬಾಬ್ ಹೋಪ್‌ಗೆ ಅವನದೇ ಮುಖದ, ಆ ಹೆಸರಾಂತ ಮೂಗಿನ ಕಾರ್ಟ್ ಮಾಡಿಕೊಟ್ಟ. ಫ್ಲಾರಿಡಾದ ದಿ ವಿಲೇಜಸ್‌ನಲ್ಲಿ 2005ರಲ್ಲಿ 3,321 ಕಾರ್ಟ್‌ಗಳು ಒಂದೇ ಮೆರವಣಿಗೆಯಲ್ಲಿ ಸಾಗಿ ಗಿನ್ನೆಸ್ ದಾಖಲೆಯಾಯಿತು.

“ಅಪ್ಪ, ಹಾರ್ಲಿಗೂ ಇದೇ ಮೋಟಾರ್ ಹಾಕ್ಬಿಡೋಣ. ಹೊಗೆ ಇರಲ್ಲ, ಪಾಯಿಂಟ್ ಹುಡುಕೋ ತಾಪತ್ರಯಾನೂ ಇರಲ್ಲ.”

“ಬೇಡ ಪುಟ್ಟಿ. ಆ ಎಂಜಿನ್ ತೆಗೆದ್ರೆ ಅದರಲ್ಲಿ ಇನ್ನೇನು ಉಳಿಯುತ್ತೆ ಹೇಳು?”

ನಾನು ಅಪ್ಪನ ಕಡೆ. ಗಾಲ್ಫ್ ಕಾರ್ಟನ್ನು ಯಾರೂ ಉಳಿಸಿಕೊಳ್ಳಲೆಂದು ಮಾಡಿದ್ದಲ್ಲ. ಕ್ಲಬ್ಬುಗಳು ಒಟ್ಟಾಗಿ ಬಾಡಿಗೆಗೆ ತಂದು, ಕೆಲವು ವರ್ಷ ದುಡಿಸಿ, ಒಟ್ಟಾಗಿಯೇ ಬಿಸಾಕುವ ಗಾಡಿ. ಹಾಗಾಗಿ ಸಾವಿರಗಟ್ಟಲೆ ಸಿಗುವ ಗಾಡಿಯನ್ನು ಬೇಕಾದಂತೆ ಕತ್ತರಿಸಿ, ಬೆಸೆದು, ಬಣ್ಣ ಬಳಿದು ಹೊಸ ಬಾಳು ಕೊಡಿ. ಅದು ಆ ಗಾಡಿಗೆ ಸಿಕ್ಕ ಭಾಗ್ಯ. ಉಲ್ಟಾ ತಿರುಗುವ ಎಂಜಿನ್ ಬೇರೆ ಮಾತು. ಅದನ್ನು ಓಡಿಸಿ ತೋರಿಸುವವರು ಇಲ್ಲವಾದರೆ ಆ ಬುದ್ಧಿವಂತಿಕೆ ನಕ್ಷೆಯಲ್ಲಷ್ಟೇ ಉಳಿಯುತ್ತದೆ.

ಹುಡುಗಿಯ ಪಕ್ಕ ಕೂರಿ, ಹಳೆಯ ಗಾಡಿಗಳು ಸೇರುವ ಕೆರೆಯ ಬಳಿಗೆ ಹೊರಡೋಣ. ಹಿಂದೆ ಯಜಮಾನರು ಹಾರ್ಲಿಯಲ್ಲಿ, ಅವರ ಪಕ್ಕ ಗೆಳೆಯ. ದಾರಿಯ ಅಂಚಿನ ಕೆಮ್ಮಣ್ಣು ಮಲೆನಾಡನ್ನು ನೆನಪಿಸುತ್ತದೆ. ಇಳಿಜಾರಿನಲ್ಲಿ ಅವಳು ಬ್ರೇಕ್ ಒತ್ತಿದಾಗ ಗಮನಿಸಿ: ಗಾಡಿ ನಾಲ್ಕೂ ಗಾಲಿಯಲ್ಲಿ ಕಚ್ಚಿ ನಿಲ್ಲುತ್ತದೆ. ಬಹುತೇಕ ಕಾರ್ಟ್‌ಗಳಿಗೆ ಬ್ರೇಕ್ ಇರುವುದು ಹಿಂದಿನ ಗಾಲಿಗೆ ಮಾತ್ರ. ಎತ್ತರಿಸಿ, ವೇಗ ಹೆಚ್ಚಿಸಿ, ಬ್ರೇಕ್ ಮಾತ್ರ ಹಾಗೆಯೇ ಬಿಡುವವರು ತಮ್ಮ ಮಕ್ಕಳ ಜೀವದ ಜೊತೆ ಆಡುತ್ತಿದ್ದಾರೆ, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಗಂಟೆಗೆ 20 ಮೈಲಿ ದಾಟಿದ ಗಾಡಿಯನ್ನು 1998ರಿಂದ ಇಲ್ಲಿನ ಕೇಂದ್ರ ನಿಯಮ ಬೇರೆ ವರ್ಗಕ್ಕೇ ಸೇರಿಸುತ್ತದೆ: ಸೀಟ್ ಬೆಲ್ಟ್, ದೀಪ, ಕನ್ನಡಿ ಎಲ್ಲ ಬೇಕು. ಗೆಳೆಯ ಮೊದಲು ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಿಸಿ, ಆಮೇಲೆ ಮೋಟಾರಿಗೆ ಕೈಹಾಕಿದ್ದು. ಹಿಂದೆ ನೋಡಿ, ತಿರುವಿನಲ್ಲಿ ಯಜಮಾನರು ನಡಿಗೆಯ ವೇಗಕ್ಕೆ ಇಳಿದಿದ್ದಾರೆ. ಮೂರು ಗಾಲಿಯ ಗಾಡಿ ತಿರುವಿನಲ್ಲಿ ಸುಲಭವಾಗಿ ಮಗುಚುತ್ತದೆ. ತಯಾರಕರು ನಾಲ್ಕು ಗಾಲಿಗೆ ಹೋಗಿದ್ದೇ ಅದಕ್ಕೆ.

ಕೆರೆಯ ಬಳಿಯ ಪಾರ್ಕಿಂಗ್ ಜಾಗದಲ್ಲಿ ಹತ್ತಾರು ಹಳೆಯ ಗಾಡಿಗಳು ಆಗಲೇ ಸೇರಿವೆ. ಯಮಾಹಾ ಜಿ1 ಒಂದು, ಕುಶ್‌ಮನ್ ಒಂದು, 1957ರ ಷೆವ್ರೊಲೆ ಕಾರಿನ ಮುಖ ಹೊತ್ತ ಕೆಂಪು ಗಾಡಿ ಒಂದು. ಒಬ್ಬ ಮಹಿಳೆ ಟೇಬಲ್ ಹಾಕಿ, ಎಲೆಅಡಿಕೆಯಂತೆ ಮಡಿಸಿದ ಎಣ್ಣೆಕಾಗದದ ಪೊಟ್ಟಣಗಳನ್ನು ಜೋಡಿಸಿದ್ದಾರೆ. ಯಜಮಾನರು ಒಂದೊಂದನ್ನೇ ಬಿಚ್ಚುತ್ತಾರೆ. ಐದನೆಯದೋ ಆರನೆಯದೋ ಪೊಟ್ಟಣದಲ್ಲಿ ಸಿಕ್ಕಿತು, ಬಳಸದ ಪಾಯಿಂಟ್ ಸೆಟ್. ಅಲ್ಲೇ ನೆಲದ ಮೇಲೆ ಕೂತರು. ಸುಟ್ಟದ್ದನ್ನು ತೆಗೆದು ಹೊಸದನ್ನು ಕೂರಿಸಿ, ಫೀಲರ್ ಗೇಜ್ ತೂರಿಸಿ ಸಂದು ಅಳೆದು, ಸ್ಕ್ರೂ ಬಿಗಿದು, ಮತ್ತೆ ಅಳೆದರು. ಸುತ್ತ ನಿಂತವರು ಮಾತು ನಿಲ್ಲಿಸಿದ್ದಾರೆ. ಪೆಡಲ್. ಪಟಪಟ. ಹಾರ್ಲಿ ಹಿಂದಕ್ಕೆ ಸರಿಯಿತು, ಜನ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು.

ಕಾಲೇಜು ಓದುವ ವಯಸ್ಸಿನ ಹುಡುಗನೊಬ್ಬ ಈ ಹಾರ್ಲಿಯನ್ನು ಕೊಂಡು ವಿದ್ಯುತ್ ಗಾಡಿ ಮಾಡುವ ಆಸೆಯಿಂದ ಬೆಲೆ ಕೇಳುತ್ತಿದ್ದನಂತೆ. ಈಗ ಬಂದು ಎಂಜಿನ್ನಿನ ಹತ್ತಿರ ಬಗ್ಗಿ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮಾಡಿಸಿ ನೋಡಿದ. ಬೆಲೆಯ ಮಾತು ಮತ್ತೆ ಎತ್ತಲಿಲ್ಲ. ಕೆಲಸ ಕಲಿಯಲು ಬೇರೆ ಯಾವ ಗಾಡಿ ಸಿಗುತ್ತದೆ ಅಂದ. ಯಜಮಾನರು ಗೆಳೆಯನ ಮುಖ ನೋಡಿದರು.

“ಶೆಡ್ಡಿನ ಹಿಂದೆ ಎರಡು ಖಾಲಿ ಕ್ಲಬ್ ಕಾರ್ ಚಾಸಿ ಬಿದ್ದಿದಾವೆ, ಒಂದು ಅವನಿಗೆ ಕೊಡ್ತಾರಂತೆ,” ಎಂದು ಗೆಳೆಯ ನಿಮಗೆ ಕನ್ನಡದಲ್ಲಿ ಹೇಳಿ, ಹುಡುಗನ ಕಡೆ ತಿರುಗಿ, ಸೋಮವಾರ ಟ್ರೇಲರ್ ತಗೊಂಡು ಬಾ, ಮೋಟಾರ್ ಆಮೇಲೆ ನೋಡೋಣ, ಮೊದಲು ಬ್ರೇಕ್ ಸಾಮಾನು ಜೋಡಿಸ್ಕೋ ಅಂದರು.