ಅಂಡರ್‌ಕಟ್ ಯಾರಿಗೆ, ಮುಂಗಾಲು ಯಾರಿಗೆ



ಹೋಟೆಲ್ಲಿನ ಬೀಫ್ ಸ್ಟೇಕ್ ಬೆಣ್ಣೆಯಂತಿರುತ್ತೆ, ಮನೇಲಿ ಮಾಡಿದ್ರೆ ಚಪ್ಪಲಿ ಆಗುತ್ತೆ ಯಾಕಣ್ಣ ಅಂತ ನಮ್ಮ ಹುಡುಗರು ಕೇಳ್ತಾರೆ. ಮೊದಲು ಕಾನೂನು ನೋಡ್ರಪ್ಪ. 1964ರ ಕಾಯ್ದೆಯಲ್ಲಿ ಪ್ರಮಾಣಪತ್ರ ಇದ್ದರೆ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣ ಕಡಿಯಬಹುದಿತ್ತು. 2020ರ ಕಾಯ್ದೆಯಲ್ಲಿ ಉಳಿದಿರೋದು 13 ದಾಟಿದ ಎಮ್ಮೆ, ಕೋಣ ಮಾತ್ರ. ಮೀರಿದರೆ 3ರಿಂದ 7 ವರ್ಷ ಜೈಲು. ಅಂದ್ರೆ ದೊಡ್ಡಬಳ್ಳಾಪುರವಿರಲಿ ಹೊಸಕೋಟೆಯಿರಲಿ, ಇಲ್ಲಿ ಕಾನೂನು ಪ್ರಕಾರ ಕಡಿಯೋ ಬಾಡು ಮುದಿ ಪ್ರಾಣಿಯದ್ದೇ.

ಅದರಲ್ಲಿ ಹೆಂಚಿನ ಮೇಲೆ ಬೇಗ ಬೇಯೋದು ಅಂಡರ್‌ಕಟ್. ಬೆನ್ನುಮೂಳೆಯ ಒಳಮಗ್ಗುಲಿನ ಆ ಕಂಡ ಹೆಚ್ಚು ದುಡಿಯಲ್ಲ, ಅದಕ್ಕೇ ಮೆತ್ತಗೆ, ಅದಕ್ಕೇ ದುಬಾರಿ. (ಊರಿನ ಕಥೆಯೂ ಇದೇ ಅಲ್ವಾ!) ಎಳೆಗೆ ಅಡ್ಡವಾಗಿ ಕೊಯ್ಯಿರಿ. ತೊಡೆ ಕಂಡವಾದ್ರೆ ಹಸಿ ಪರಂಗಿಕಾಯಿ ಅರೆದು ಸವರಿ, ಒಂದು ಗಂಟೆ ಬಿಟ್ಟು, ಕುಕ್ಕರಿನಲ್ಲಿ ಬೇಯಿಸಿ ಆಮೇಲೆ ಹುರೀರಿ.

ಮುಂಗಾಲು, ಕೊರಳು ಬರೀ ನರ. ಜೋರು ಉರಿಯಲ್ಲಿ ರಬ್ಬರು. ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಟ್ಟರೆ ಆ ನರವೇ ಕರಗಿ ಸಾರು ಬೆರಳಿಗೆ ಅಂಟುತ್ತೆ. ಮುದ್ದೆಗೆ ಅದರ ಮುಂದೆ ಯಾವ ಸ್ಟೇಕೂ ಇಲ್ಲ. ಆದ್ರೆ ಇದನ್ನ "ದಲಿತರ ಪಾಕಪರಂಪರೆ" ಅಂತ ಹಾಡಿ ಹೊಗಳೋರಿಗೆ ಒಂದು ಮಾತು: ನಮ್ಮವ್ವ ಮುಂಗಾಲನ್ನ ಆರಿಸಿಕೊಂಡಿದ್ದಲ್ಲ. ಸೆರಗಿನ ಗಂಟಲ್ಲಿದ್ದ ಕಾಸಿಗೆ ಸಿಕ್ಕಿದ್ದು ಅದು. ಅವ್ವನಿಗೆ ಕಾಸು ಅಡ್ಡ ಬಂತು. ನನಗೆ ಸಂಬಳ ಇದೆ, ಎತ್ತಿನ ಬಾಡು ಬೇಕಂದ್ರೆ ಕಾಯ್ದೆ ಅಡ್ಡ ಬರುತ್ತೆ.

ಭಾನುವಾರ ಬೆಳಿಗ್ಗೆ ಬೇಗ ಹೋಗಿ. ತಡವಾದ್ರೆ ಮುಂಗಾಲೂ ಉಳಿಯಲ್ಲ.